ಒಪ್ಪತ್ತಿನ ಹರಕೆ

ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಎರಡು ವರ್ಷ ಗಂಡನಿಗೆ ತುತ್ತು ತಿನ್ನಿಸುವಾಗಲೆಲ್ಲ ನಾನು ಅವರ ಎಡಗೈಯನ್ನು ಒತ್ತಿ ಹಿಡಿಯುತ್ತಿದ್ದೆ. ಸೇವೆ ಮಾಡುತ್ತಿದ್ದೇನೆ ಎಂದುಕೊಂಡೇ ಹಿಡಿಯುತ್ತಿದ್ದೆ.

ಅವರು ಇಚಲಕರಂಜಿಯಲ್ಲಿ ಹತ್ತೊಂಬತ್ತು ವರ್ಷ ಪವರ್‌ಲೂಮ್ ಓಡಿಸಿದವರು. ಆ ಶೆಡ್ಡಿನೊಳಗೆ ನಾನು ಒಂದು ದಿನವೂ ಕಾಲಿಟ್ಟವಳಲ್ಲ. ಬಾಗಿಲಲ್ಲೇ ಬುತ್ತಿ ಕೊಟ್ಟು, ಮಗ್ಗಗಳ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಶಿಫ್ಟ್ ಮುಗಿಸಿ ಬಂದವರು ಸೈಕಲ್ಲು ನಿಲ್ಲಿಸುತ್ತಲೇ ಕುಸಿದುಬಿದ್ದರು. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಕೊಲ್ಹಾಪುರದ ದವಾಖಾನೆಯಲ್ಲಿ ಜೀವ ಉಳಿಯಿತು. ಮಾತು ಬಂದರೂ ಬರಬಹುದು, ಕಾಯಬೇಕು ಎಂದರು ಡಾಕ್ಟರು. ನಾನು ಸೀದಾ ಅಂಬಾಬಾಯಿಯ ಗುಡಿಗೆ ಹೋಗಿ ಹರಕೆ ಹೊತ್ತೆ: ಇವರು ನನ್ನ ಜೊತೆ ಒಂದು ಮಾತಾಡುವವರೆಗೆ ಒಪ್ಪತ್ತೇ ಊಟ, ಸಂಜೆ ತುತ್ತು ಮುಟ್ಟುವುದಿಲ್ಲ. ಬಂದು ಅವರ ಹಾಸಿಗೆಯ ಪಕ್ಕದಲ್ಲೇ ಕೂತು ಅವ್ವನಿಗೆ ಅದನ್ನು ಹೇಳಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ತಾಯಿ ಕೈ ಬಿಡೂದಿಲ್ಲ ತಗೋ" ಎಂದಳು.

ಇಚಲಕರಂಜಿಯ ಬಾಡಿಗೆ ಮನೆ ಬಿಟ್ಟು ಗಡಹಿಂಗ್ಲಜಕ್ಕೆ, ನನ್ನ ತವರಿಗೆ ಬಂದೆವು. ಒಂದು ದೀಪಾವಳಿ ಹೋಯಿತು, ಇನ್ನೊಂದು ಬಂತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ದಿನಾ ಬೆಳಿಗ್ಗೆ ದೀಪ ಹಚ್ಚಿ ಅಂಬಾಬಾಯಿಯ ಜೊತೆ ಜಗಳ ಮಾಡುತ್ತಿದ್ದೆ, ಜಗಳವಾದ ಮೇಲೆ ಕೈಮುಗಿಯುತ್ತಿದ್ದೆ. ನಂಬಿಕೆ ಮಾತ್ರ ಬಿಟ್ಟಿರಲಿಲ್ಲ. ಬಿಟ್ಟರೆ ನನಗೆ ಹಿಡಿದುಕೊಳ್ಳಲು ಬೇರೆ ಏನಿತ್ತು?

ತವರಿಗೆ ಬಂದ ಹೊಸತರಲ್ಲೇ ಅವರ ಎಡಗೈಗೆ ಒಂದು ನಡುಕ ಶುರುವಾಗಿತ್ತು. ಸಂಜೆ ತಾಟು ತಂದಿಟ್ಟರೆ ಸಾಕು, ಎರಡು ಬೆರಳಿನಿಂದ ಮಂಚದ ಪಟ್ಟಿಯನ್ನು ಟಕಟಕ ಬಡಿದು, ಮುಷ್ಟಿ ಕಟ್ಟಿ ತಿರುವುತ್ತಿದ್ದರು. ಮತ್ತೆ ಬಡಿತ, ಮತ್ತೆ ತಿರುವು. ಸಾರೆಲ್ಲ ಹಾಸಿಗೆಯ ಮೇಲೆ ಚೆಲ್ಲುತ್ತಿತ್ತು. ನರ ಎಳೆಯುತ್ತವೆ, ತಿಳುವಳಿಕೆಯೂ ಹೋಗಿದೆ ಎಂದರು ನೋಡಲು ಬಂದ ಬಂಧುಗಳು. ನಾನೂ ಹೂಂಗುಟ್ಟಿದೆ. ಅಂದಿನಿಂದ ಒಂದು ಕೈಯಲ್ಲಿ ಆ ಕೈ ಒತ್ತಿ ಹಿಡಿದು ಇನ್ನೊಂದರಲ್ಲಿ ಉಣಿಸತೊಡಗಿದೆ.

ಹೋದ ಚೈತ್ರದಲ್ಲಿ, ಅವರ ಪಕ್ಕದ ಮಗ್ಗ ನಡೆಸುತ್ತಿದ್ದ ಗೆಳೆಯರೊಬ್ಬರು ನಮ್ಮೂರಿಗೆ ಮದುವೆಗೆ ಬಂದವರು ನೋಡಿ ಹೋಗೋಣವೆಂದು ಮನೆಗೆ ಬಂದರು. ಸಂಜೆಯ ಹೊತ್ತು, ನಾನು ಉಣಿಸುತ್ತಿದ್ದೆ. ಅವರು ಹೊಸ್ತಿಲಲ್ಲೇ ನಿಂತು ನೋಡಿದರು.

"ವೈನಿ, ಅವನ ಕೈ ಬಿಡ್ರಿ."

"ಬಿಟ್ಟರ ಎಲ್ಲಾ ಚೆಲ್ತಾರ್ರಿ."

"ಚೆಲ್ಲವಲ್ದ್ಯಾಕ, ಬಿಡ್ರಿ. ಅಂವ ಮಾತಾಡಾಕತ್ತಾನ."

ನನಗೆ ರೇಗಿತು. "ಚ್ಯಾಷ್ಟಿ ಮಾಡಬ್ಯಾಡ್ರಿ" ಎಂದೆ. ಆದರೆ ಆ ಗೆಳೆಯರ ಮುಖದಲ್ಲಿ ನಗುವಿರಲಿಲ್ಲ. ನಾನು ಕೈ ಬಿಟ್ಟೆ. ಬಿಟ್ಟಿದ್ದೇ ತಡ, ಟಕಟಕ, ಮುಷ್ಟಿಯ ತಿರುವು.

"ಶೆಡ್ಡಿನ್ಯಾಗ ಬಾಯಿ ಮಾತು ಯಾರಿಗೆ ಕೇಳಸ್ತೇತ್ರಿ? ಕೈಲೇನ ಎಲ್ಲಾ. ಇದು ನಮ್ಮ ದಿನಾದ ಮಾತು. ನಿನ್ನ ಮಗ್ಗ ನಾ ನೋಡ್ಕೋತೇನಿ, ನೀ ಹೋಗಿ ಉಂಡ ಬಾ ಅಂತ."

ನನ್ನ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. ನೀನು ಉಣ್ಣು. ಎರಡು ವರ್ಷದಿಂದ ದಿನಾ ಸಂಜೆ ಅವರು ಹೇಳುತ್ತಿದ್ದುದು ಅಷ್ಟೇ. ಅವರ ಒಂದು ಮಾತಿಗಾಗಿ ನಾನು ಹಸಿದು ಕೂತಿದ್ದೆ, ಆ ಮಾತನ್ನು ನನ್ನ ಕೈಯಿಂದಲೇ ಅದುಮಿ ಇಟ್ಟಿದ್ದೆ. ತಾಯಿ ಕೊಟ್ಟದ್ದನ್ನೇ ಕೊಡಲಿಲ್ಲವೆಂದು ತಾಯಿಯ ಜೊತೆ ಜಗಳವಾಡಿದ್ದೆ. ಅಳು ಬರಲಿಲ್ಲ, ನಾಚಿಕೆ ಬಂತು.

ಗೆಳೆಯರು ಮಂಚದ ಬದಿಗೆ ಕೂತು ಬೆರಳಾಡಿಸಿದರು. ಇವರು ಸರಸರನೆ ಉತ್ತರಿಸಿದರು. ಅಷ್ಟು ಚುರುಕಾಗಿ ಆ ಕೈ ಆಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಏನಂತಾರ್ರಿ?"

ಅವರು ನನ್ನ ಮುಖ ನೋಡದೆ ಹೇಳಿದರು. "ಇಷ್ಟ ದಿನ ಹೇಳಿದ್ರೂ ಆಕಿ ಯಾಕ ಜವಾಬ ಕೊಡವಲ್ಲಳು ಅಂತಾನ್ರಿ."

ಬೆಳಿಗ್ಗೆ ದೀಪದ ಮುಂದೆ ನಾನು ಕೇಳುತ್ತಿದ್ದ ಪ್ರಶ್ನೆಯೇ ಅದು. "ಇವತ್ತ ಉಣ್ತೇನಿ ಅಂತ ಹೇಳ್ರಿ ಅವರಿಗೆ" ಎಂದೆ.

ಗೆಳೆಯರು ಬೆರಗಾಗಿ ನನ್ನತ್ತ ತಿರುಗಿದರು.

"ನಾ ಯಾಕ ಹೇಳ್ಲಿ ವೈನಿ? ಅವಗ ಕಿವಿ ಕೇಳಸ್ತಾವಲ್ಲ. ನೀವ ಹೇಳ್ರಿ."

ಹೌದು, ಅವರಿಗೆ ಕಿವಿ ಕೇಳಿಸುತ್ತಿತ್ತು; ಅಂದು ಅವ್ವನಿಗೆ ಹೇಳಿದ ಹರಕೆಯೂ ಕೇಳಿಸಿತ್ತು. ಎರಡು ವರ್ಷ ನಾನು ಮಾತಾಡಿದ್ದೆಲ್ಲ ದೇವರ ಜೊತೆ.