ಗಡ್ಡ ಬಿಟ್ಟ ಊರಿನಲ್ಲಿ ಒಬ್ಬ ಕ್ಷೌರಿಕ

ಏಪ್ರಿಲ್‌ನಲ್ಲಿ ನನ್ನ ಹೊಸ ಊರಿನ ಗಂಡಸರೆಲ್ಲ ಇದ್ದಕ್ಕಿದ್ದಂತೆ ಗಡ್ಡ ಬೋಳಿಸುವುದನ್ನು ನಿಲ್ಲಿಸಿಬಿಟ್ಟರು. ಬೇರೆಯವರಿಗೆ ಇದು ತಮಾಷೆ ಇರಬಹುದು, ನಾನು ಕ್ಷೌರಿಕ. ಶಹಾಪುರದ ಬಸ್ ನಿಲ್ದಾಣದ ಹಿಂದೆ ಸ್ವಂತ ಕಟಿಂಗ್ ಅಂಗಡಿ ನಡೆಸಿ, ದುಬೈನಲ್ಲಿ ಕತ್ತರಿ ಆಡಿಸಿ, ಕೆನಡಾದ ಈ ಚಳಿ ಊರಿಗೆ ಬಂದು ಆಗಿನ್ನೂ ಒಂದು ಚಳಿಗಾಲ ಕಳೆದಿತ್ತು.

ಮೊದಲು ನನಗೆ ಹೊಳೆದದ್ದು ಸಾವು. ನಮ್ಮಲ್ಲಿ ಸೂತಕದವರು ತಾನೇ ಹೀಗೆ ಗಡ್ಡ ಬಿಡುವುದು? ಪ್ರತಿ ಶುಕ್ರವಾರ ನುಣ್ಣಗೆ ಬೋಳಿಸಿಕೊಳ್ಳುತ್ತಿದ್ದ ಬಸ್ ಚಾಲಕ ಡೇವ್ ಕುರುಚಲು ಗಡ್ಡದಲ್ಲಿ ಬಂದು, ತಲೆಗೂದಲಷ್ಟೇ ಸಾಕು ಎಂದ. ನಾನು ಕತ್ತರಿ ಕೆಳಗಿಟ್ಟು, ಮನೆಯಲ್ಲಿ ಯಾರು ಹೋದರೆಂದು ಹರಕು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಆಮೇಲೆ ಕುರ್ಚಿ ಅಲುಗುವಂತೆ ನಕ್ಕ.

ಬಿಡಿಸಿ ಹೇಳಿದವರು ಅಂಗಡಿಯ ಮಾಲೀಕ ಖಾದರ್ ಚಾಚಾ. ಗುರುಮಿಠಕಲ್ ಕಡೆಯವರು, ಇಲ್ಲಿಯೇ ತಲೆ ನೆರೆತವರು.

“ಸಾವಿಲ್ಲ ಏನಿಲ್ಲೋ ಭೀಮರಾಯ. ಐಸ್ ಹಾಕಿ ಆಟದ ಪ್ಲೇಆಫ್, ಅಂದ್ರ ಕಪ್ಪಿನ ನಾಕೌಟ್ ಪಂದ್ಯ, ಶುರು ಆಗ್ಯಾವ. ಟೀಮು ಸೋಲೋತನಾ, ಇಲ್ಲಾ ಕಪ್ ಗೆಲ್ಲೋತನಾ, ಯಾರೂ ಗಡ್ಡ ಮುಟ್ಟಂಗಿಲ್ಲ.”

“ಎಂದಿಗಿ ಮುಗೀತದ್ರಿ ಚಾಚಾ?”

“ಸೋತ್ರ ಲಗೂನ. ಗೆದ್ಕೋತ ಹೋದ್ರ ಜೂನ್ ಆತು ನೋಡು.”

ಬಂದ ಹೊಸದರಲ್ಲಿ ಚಾಚಾ ತಿಂಗಳ ಸಂಬಳ ಕೊಡುತ್ತೇನೆಂದಿದ್ದರು. ನಾನು ಚೌಕಾಸಿಗೆ ಕೂತು, ಸಂಬಳ ಬೇಡ, ಮಾಡಿದ ಪ್ರತಿ ಗಡ್ಡಕ್ಕೂ ಪಾಲು ಕೊಡಿ ಎಂದು ಒಪ್ಪಿಸಿದ್ದೆ. ಆಗ ಅವರು ಮುಖ ತಿರುಗಿಸಿ ನಕ್ಕದ್ದು ಯಾಕೆಂದು ಈಗ ತಿಳಿಯಿತು. ಹೊರದೇಶಕ್ಕೆ ಹೊರಟವರಿಗೆ ನನ್ನದೊಂದು ಮಾತು: ಆ ಊರಿನ ಎಲ್ಲ ಋತುಗಳನ್ನೂ ನೋಡುವ ತನಕ ಯಾವ ಕರಾರಿಗೂ ಹೂಂ ಅನ್ನಬೇಡಿ.

“ಕುರ್ಚಿ ಹಿಂಗೇ ಖಾಲಿ ಬಿದ್ರ ಕೂದಲಿಗಿ ಬಣ್ಣ ಹಚ್ಚೋ ಹುಡುಗಿಗಿ ಕೊಟ್ಟಬಿಡ್ತೀನಿ” ಎಂದರು ಚಾಚಾ. ಕುರ್ಚಿ ಹೋದರೆ ಕೆಲಸವೂ ಹೋಯಿತು, ಹೆಂಡತಿ ಮಹಾದೇವಿಯನ್ನು ಸುರಪುರದಿಂದ ಈ ವರ್ಷ ಕರೆಸಿಕೊಳ್ಳುವ ಆಸೆಯೂ ಹೋಯಿತು.

ಶ್ರಾವಣದಲ್ಲಿ ಶಹಾಪುರದ ಅಂಗಡಿಯೂ ಬಣಗುಟ್ಟುತ್ತಿತ್ತು. ಆದರೆ ಶ್ರಾವಣ ಮುಗಿಯುವ ದಿನ ಕ್ಯಾಲೆಂಡರಿನಲ್ಲಿರುತ್ತದೆ. ಇಲ್ಲಿ ಅದನ್ನು ತೀರ್ಮಾನಿಸುವುದು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಬೂಟಿನಡಿ ಉಕ್ಕಿನ ಅಲಗು ತೊಟ್ಟವರು ಮಂಜುಗಡ್ಡೆಯ ಮೇಲೆ ಜಾರುತ್ತ ಅದನ್ನು ಕೋಲಿನಿಂದ ಬಲೆಗೆ ಹೊಡೆಯುತ್ತಾರೆ. ನಮ್ಮ ಕಡೆಯ ಹತ್ತಿಕುಣಿ ಕೆರೆ ಕಲ್ಲಾಗಿ, ಅದರ ಮೇಲೆ ಜನ ಬಡಿದಾಡಿದ ಹಾಗೆ!

ಗಡ್ಡ ಮುಟ್ಟುವುದಿಲ್ಲ, ಕುತ್ತಿಗೆಯ ಕೂದಲಷ್ಟೇ ಬೋಳಿಸುತ್ತೇವೆ ಎಂದು ಬೋರ್ಡು ಹಾಕಿದೆ. ಒಬ್ಬರೂ ಬರಲಿಲ್ಲ. ಡೇವ್ ನನ್ನ ನುಣುಪು ಗಲ್ಲ ತೋರಿಸಿ, ಇದೇ ಅಪಶಕುನ ಎಂದ. ವ್ಯಾಪಾರಕ್ಕಾಗಿ ನಾನೂ ಗಡ್ಡ ಬಿಟ್ಟೆ, ಅಂಗಡಿಯಲ್ಲಿ ಟಿವಿ ಹಚ್ಚಿದೆ. ತಲೆಗೂದಲಿಗಾದರೂ ಜನ ಬರತೊಡಗಿದರು. ಚಾಚಾ ಬಣ್ಣದ ಹುಡುಗಿಯ ಮಾತನ್ನು ಜೂನ್‌ಗೆ ಮುಂದೂಡಿದರು.

ಮೊದಲೆರಡು ಸುತ್ತಿನಲ್ಲಿ ನಮ್ಮ ತಂಡ ಸೋಲಲೆಂದು ಗುಟ್ಟಾಗಿ ಬೇಡಿಕೊಂಡೆ. ಮೂರನೆಯದರಲ್ಲಿ ನಮ್ಮ ಗೋಲ್‌ಕೀಪರ್ ಮಲಗಿದಲ್ಲಿಂದಲೇ ಬಿಲ್ಲೆ ತಡೆದಾಗ ಬಾಚಣಿಗೆ ಎಸೆದು ಕೂಗಿದೆ.

“ಏ ಭೀಮ್ಯಾ, ನಿನ್ನ ಹೊಟ್ಟಿಗಿ ನೀನೇ ಹೊಡಕೊಳ್ಳಾಕತ್ತೀಯಲ್ಲೋ!” ಎಂದರು ಚಾಚಾ.

ಫೋನಿನಲ್ಲಿ ನನ್ನ ಮುಖ ಕಂಡ ಮಹಾದೇವಿ ಕೇಳಿದಳು: “ಏನ್ರಿ ಇದು ಅವತಾರ? ಯಾವ ದೇವರಿಗಿ ಹರಕಿ ಹೊತ್ತೀರಿ?”

“ದೇವರಿಗಲ್ಲ, ಟೀಮಿಗಿ.”

“ಗೆಲ್ಲಲಂತನೋ, ಸೋಲಲಂತನೋ?”

ಮೊಳ ಬಟ್ಟೆಗೂ ಅರ್ಧ ತಾಸು ವಾದಿಸುವ ನಾನು, ಆಟ ಶುರುವಾಯಿತೆಂದು ಫೋನಿಟ್ಟುಬಿಟ್ಟೆ.

ಅಂತಿಮ ಸುತ್ತಿನ ಕೊನೆಯ ಪಂದ್ಯ ಸಮವಾಗಿ ನಿಂತು ಹೆಚ್ಚುವರಿ ಆಟಕ್ಕೆ ಹೋಯಿತು. ಇನ್ನು ನನಗೆ ನಷ್ಟವೇ ಇರಲಿಲ್ಲ. ಸೋತರೂ ಗೆದ್ದರೂ ಮರುದಿನ ಊರೇ ಗಡ್ಡ ತೆಗೆಸಬೇಕು. ಹಾಗಿದ್ದರೆ ನಾನು ಯಾಕೆ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದೆ? ಬಿಲ್ಲೆ ಎದುರಾಳಿಯ ಬಲೆಗೆ ಬಿದ್ದಾಗ ಡೇವ್ ನನ್ನನ್ನು ಎತ್ತಿಕೊಂಡು ತಿರುಗಿಸಿದ. ಇಬ್ಬರ ಗಡ್ಡವೂ ಒದ್ದೆಯಾಗಿತ್ತು.

ಬೆಳಿಗ್ಗೆ ಬಾಗಿಲ ಹೊರಗೆ ಸಾಲು ನಿಂತಿತ್ತು. ಅದನ್ನು ತೋರಿಸಿಯೇ ಚಾಚಾನನ್ನು ಹಿಡಿದೆ: “ಕುರ್ಚಿ ನಂದೇರಿ. ಇನ್ನ ಮ್ಯಾಲ ಪ್ಲೇಆಫ್‌ನ್ಯಾಗ ಪಗಾರ, ಉಳಿದದ್ದಕ್ಕ ಪಾಲು.”

“ಆತು ಬಿಡೋ ಹಲ್ಕಟ್, ಈಗ ಈ ಊರಾಂವ ಆದಿ. ಕೂಡು, ಮೊದಲ ನಿಂದ ತಗೀತೀನಿ” ಎಂದು ನಗುತ್ತ ನೊರೆ ಹಚ್ಚಿದರು.

ಅಷ್ಟರಲ್ಲಿ ಮಹಾದೇವಿಯ ಫೋನು. ಕುರ್ಚಿ ಉಳಿಯಿತು, ಹೊರಡುವ ತಯಾರಿ ಮಾಡು ಎಂದೆ. ನೊರೆ ಹಚ್ಚಿದ ನನ್ನ ಮುಖ ಕಂಡು ಅಂದಳು: “ತಡೀರಿ, ಅಲ್ಲೇ ತಗಿಸಬ್ಯಾಡ್ರಿ. ಹರಕಿ ಕೂದಲ ನಮ್ಮ ಕೊಡೇಕಲ್ ಗುಡಿಯಾಗ ಕೊಡಬೇಕು. ನನ್ನ ಕರಕೊಂಡ ಹೋಗಾಕ ಬರ್ತೀರಲ್ಲ, ಆಗ ಕೊಡ್ರಿ.”

ಕೊಡೇಕಲ್ಲಿಗೆ ಹೊತ್ತ ಹರಕೆಯಲ್ಲ ಇದು. ಹಾಗೆಂದು ಇದನ್ನು ಇಲ್ಲಿಯ ಕಸದ ಬುಟ್ಟಿಗೆ ಗುಡಿಸಿ ಹಾಕಲೂ ಮನಸ್ಸಾಗಲಿಲ್ಲ.

“ತಗೀಲೇನೋ?” ಚಾಚಾನ ಕೈ ಕತ್ತಿ ಹಿಡಿದು ನಿಂತಿತ್ತು. ಹೊರಗಿನಿಂದ ಡೇವ್ ಗಾಜು ಬಡಿಯುತ್ತಿದ್ದ.

“ಒಂಚೂರ ತಡೀರಿ ಚಾಚಾ” ಎಂದೆ. ಗಲ್ಲದ ಮೇಲಿನ ನೊರೆ ಒಣಗತೊಡಗಿತ್ತು.