ಮುದ್ದೆಯಲ್ಲಿಟ್ಟು ನುಂಗಿದ ಮಾತ್ರೆ

ಮೊದಲು ಬಂದದ್ದು ಸೊಂಟನೋವು. ಬೀಚನಹಳ್ಳಿ ಡ್ಯಾಮಿನ ಗೇಟುಗಳ ಹತ್ತಿರ ಮೂವತ್ತು ವರ್ಷ ದುಡಿದು ನಿವೃತ್ತನಾದವನಿಗೆ ಸೊಂಟ ನೋಯದೆ ಇನ್ನೇನು ನೋಯಬೇಕು ಎಂದುಕೊಂಡು, ಎಣ್ಣೆ ತಿಕ್ಕಿಸಿಕೊಂಡೇ ಆರು ತಿಂಗಳು ಕಳೆದೆ. ಆಮೇಲೆ ಮೂತ್ರ ಕಟ್ಟಿತು. ಎಚ್.ಡಿ. ಕೋಟೆಯಿಂದ ಮೈಸೂರಿನ ಆಸ್ಪತ್ರೆಗೆ ಓಡಿದೆವು. ರಕ್ತ ತೆಗೆದು ಪಿಎಸ್‌ಎ ನೋಡಿದರು, ಸ್ಕ್ಯಾನ್, ಬಯಾಪ್ಸಿ ಮಾಡಿದರು.

ಪ್ರಾಸ್ಟೇಟ್ ಕ್ಯಾನ್ಸರ್. ಮೂಳೆಗೂ ಇಳಿದಿತ್ತು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ತಾಳ್ಮೆಯವರು. ಗಂಡಸಿನ ಹಾರ್ಮೋನ್‌ನಿಂದಲೇ ಈ ಗಡ್ಡೆ ಬೆಳೆಯುವುದು, ಇಂಜೆಕ್ಷನ್ನಿನಿಂದ ಅದರ ಬಹುಪಾಲು ನಿಲ್ಲುತ್ತದೆ ಎಂದರು. ಉಳಿದದ್ದನ್ನು ಮೈ ಬೇರೆ ಕಡೆ ತಯಾರಿಸಿಕೊಳ್ಳುತ್ತದಂತೆ. ಅದಕ್ಕೊಂದು ಎನ್‌ಜೈಮ್ ಬೇಕು. ಅಬಿರಾಟೆರಾನ್ ಮಾತ್ರೆ ಆ ಎನ್‌ಜೈಮನ್ನೇ ತಡೆಯುತ್ತದೆ.

"ಹಾರ್ಮೋನ್ ಸಿಗದಿದ್ರೆ ಕ್ಯಾನ್ಸರ್ ಕಣಗಳು ಎಷ್ಟೋ ತಾವಾಗೇ ಸಾಯ್ತವೆ."

ಗೇಟು ಇಳಿಸಿದರೆ ಕಾಲುವೆ ಒಣಗುವುದು ನನಗೇನು ಹೊಸದಲ್ಲ. ಆದರೂ ನಾನು ಬದುಕಬೇಕಾದರೆ ನನ್ನ ಮೈಯೊಳಗೇ ಏನೋ ಸಾಯುತ್ತಿರಬೇಕು ಎನ್ನುವ ಮಾತಿಗೆ ಹೆದರಿಕೆಯಾಯಿತು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕೆಂದು ಡಾಕ್ಟರಮ್ಮ ಎರಡು ಸಲ ಹೇಳಿ ಕಳಿಸಿದರು.

ದಿನಕ್ಕೆ ನಾಲ್ಕು ಮಾತ್ರೆ, ಒಂದೊಂದೂ ಹುಣಸೆಬೀಜದಷ್ಟು. ನೀರಿನಲ್ಲಿ ನುಂಗಿದರೆ ಗಂಟಲಲ್ಲೇ ಕೂತು ವಾಂತಿಯಾಗುತ್ತಿತ್ತು. ಮೂರನೆಯ ದಿನ ಹೆಂಡತಿ ಜಯಮ್ಮ ಬಿಸಿ ಮುದ್ದೆ ಮುರಿದು, ತುತ್ತಿಗೊಂದು ಮಾತ್ರೆ ಒತ್ತಿ, ಸಾರಿನಲ್ಲಿ ಅದ್ದಿ ಕೊಟ್ಟಳು. ನಮ್ಮ ಕಡೆ ಮುದ್ದೆಯನ್ನು ಯಾರು ಅಗಿಯುತ್ತಾರೆ? ನಾಲ್ಕೂ ಜಾರಿ ಹೋದವು.

"ಡಾಕ್ಟ್ರು ಬರೀ ಒಟ್ಟೇಲಿ ಅಂದಿದ್ರಲ್ಲೇ?"

"ಬರೀ ಒಟ್ಟೆಗೆ ಇಷ್ಟು ಮಾತ್ರೆ ಇಳ್ಸುದ್ರೆ ಕರುಳು ಬೆಂದೋಯ್ತದೆ ಕಣ್ರೀ. ನಾಕು ತುತ್ತು ಒಂದು ಊಟ್ವಾ?"

ಅವಳ ಬಲವಂತಕ್ಕೆ ಒಪ್ಪಿದೆ ಎಂದರೆ ಸುಳ್ಳಾದೀತು. ನನಗೂ ಅದೇ ಸರಿ ಎನಿಸಿತ್ತು.

ಐದು ವಾರಕ್ಕೆ ಪಾದ ಊದಿತು. ಎದೆ ಹೊಡೆದುಕೊಳ್ಳತೊಡಗಿತು. ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವಿಲ್ಲ. ಒಂದು ಬೆಳಿಗ್ಗೆ ಜಯಮ್ಮ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

ಕಣ್ಣು ಹಳದಿಯಾಗಿತ್ತು.

ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ಏರಿತ್ತು, ಪೊಟ್ಯಾಸಿಯಂ ಇಳಿದಿತ್ತು. ಲಿವರ್ ರಿಪೋರ್ಟ್ ಹಿಡಿದು ಡಾಕ್ಟರಮ್ಮ, "ಮಾತ್ರೆ ಹೇಗೆ ತಗೋತಿದ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ಎಲ್ಲ ಹೇಳಿಬಿಟ್ಟಳು.

"ಅಮ್ಮಾ, ಊಟದ ಜೊತೆ ತಗೊಂಡ್ರೆ ಈ ಮಾತ್ರೆ ರಕ್ತಕ್ಕೆ ಎಷ್ಟೋ ಪಟ್ಟು ಜಾಸ್ತಿ ಸೇರುತ್ತೆ. ನಾಲ್ಕು ತುತ್ತಾದ್ರೂ ಊಟಾನೇ."

ಮಾತ್ರೆ ನಿಲ್ಲಿಸಿದರು. ಲಿವರ್ ಸುಧಾರಿಸದಿದ್ದರೆ ಮತ್ತೆ ಕೊಡಲಾಗದು ಎಂದರು.

ಮಾತ್ರೆಯಿಲ್ಲದ ಆ ವಾರಗಳನ್ನು ನಾನು ಮರೆಯಲಾರೆ. ಸೊಂಟ ಒಮ್ಮೆ ಚುಳ್ಳೆಂದರೂ ಸಾಯಬೇಕಾದವು ಚಿಗುರಿಕೊಂಡವೇನೋ ಎಂದು ಬೆವರುತ್ತಿದ್ದೆ. ಅಡುಗೆಮನೆಯಿಂದ ಜಯಮ್ಮನ ದನಿ ಕೇಳುತ್ತಿತ್ತು: "ನಾನೇ ಕೈಯಾರೆ ಇಕ್ಬುಟ್ನಲ್ಲಾ." ಕಾಯಿಲೆಗಿಂತ ಅದೇ ಹೆಚ್ಚು ಸಂಕಟ ಕೊಟ್ಟಿತು.

ಕೊನೆಗೆ ಲಿವರ್ ತಹಬಂದಿಗೆ ಬಂತು. ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡಿದ್ದಾರೆ. ಈ ಸಲ ರಕ್ತದಲ್ಲಿ ಪಿಎಸ್‌ಎ ಇಳಿದಿದೆ, ಅಂದರೆ ಕ್ಯಾನ್ಸರಿನ ಆಟ ತಗ್ಗಿದೆ.

"ಎಲ್ಲಾ ಸತ್ತೋದ್ವಾ ಡಾಕ್ಟ್ರೇ?" ಜಯಮ್ಮ ಕೇಳಿದಳು.

"ಎಲ್ಲಾ ಅಲ್ಲಮ್ಮ. ಕೆಲವು ಬೇರೆ ದಾರಿ ಹುಡುಕ್ಕೊಳ್ತವೆ. ಅಲ್ಲೀವರೆಗೂ ಇದು ಕೆಲಸ ಮಾಡ್ಲಿ."

ಈಗ ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆ, ನೀರಿನಲ್ಲೇ, ಒಂದೊಂದಾಗಿ. ಆಮೇಲೆ ಒಂದು ಗಂಟೆ ಏನೂ ತಿನ್ನುವಂತಿಲ್ಲ. ಜಯಮ್ಮನೂ ಕಾಫಿ ಮುಟ್ಟದೆ ನನ್ನೆದುರು ಜಗಲಿಯಲ್ಲಿ ಕೂರುತ್ತಾಳೆ.

"ನೀನಾದ್ರೂ ಕುಡ್ಯೇ. ಕಾಯ್ಲೆ ನಂಗೆ," ಎಂದೆ ಮೊನ್ನೆ.

"ತಪ್ಪು ಇಬ್ರುದೂವೆ. ಸುಮ್ಕೆ ಕೂತ್ಕಳಿ, ಇನ್ನೂ ಇಪ್ಪತ್ ನಿಮ್ಸ ಅದೆ," ಎಂದಳು.