ಮಗಳನ್ನು ಬಿಟ್ಟುಕೊಟ್ಟ ಕೋಚ್

ಪರ್ತ್‌ನಲ್ಲಿ ನಾನಾಡುತ್ತಿದ್ದ ಬೇಸ್‌ಬಾಲ್ ಕ್ಲಬ್ಬಿನ ಕೋಚ್ ಮೈಸೂರು ಕಡೆಯ ಗಣಿ ಇಂಜಿನಿಯರ್. ಏನೇ ತೀರ್ಮಾನ ಕೇಳಿದರೂ ಟೋಪಿ ತೆಗೆದು ತಲೆ ಸವರಿಕೊಂಡು, "ಎರಡೂ ಸರಿ ಅನ್ಸತ್ತೆ ಕಣ್ರೀ" ಎನ್ನುತ್ತಿದ್ದರು.

ಆ ವರ್ಷ ಚೆಂಡೆಸೆಯಲು ನಮ್ಮಲ್ಲಿ ಪಳಗಿದ ಕೈ ಇರಲಿಲ್ಲ. ಎಳೆಯರ ತಂಡ ಕಟ್ಟುತ್ತಿದ್ದ ಇನ್ನೊಂದು ಕ್ಲಬ್ಬಿನವರು ತಮ್ಮ ಅನುಭವಿ ಪಿಚರ್‌ನನ್ನು ಕೊಡಲು ಒಪ್ಪಿ, ಬದಲಿಗೆ ನಮ್ಮ ಹೊಸ ಆಟಗಾರ್ತಿಯನ್ನು ಕೇಳಿದರು. ಅವಳು ಕೋಚ್‌ರ ಮಗಳು.

ಭಾನುವಾರ ಕ್ಲಬ್ಬಿನವರೆಲ್ಲ ಸೇರುವ ಬಾರ್ಬಿಯಲ್ಲಿ, ಅಂದರೆ ಬಾರ್ಬೆಕ್ಯೂ ಊಟದಲ್ಲಿ, ಕೋಚ್ ತಟ್ಟೆ ಹಿಡಿದುಕೊಂಡೇ ನನ್ನ ಬಳಿ ಬಂದರು. "ಬೇಡ ಅಂದ್ರೆ ಮಗಳು ಅಂತ ಇಟ್ಕೊಂಡ ಅಂತೀರ. ಹೂಂ ಅಂದ್ರೆ, ಒಳ್ಳೆಯವನು ಅನ್ನಿಸ್ಕೊಳ್ಳೋಕೆ ಕಳಿಸ್ದೆ ಅಂತ ನಂಗೇ ಅನ್ಸತ್ತೆ. ಏನ್ ಮಾಡ್ಲಿ?"

"ಅವಳನ್ನೇ ಕೇಳಿ" ಎಂದೆ.

ಕೇಳಿದರು. "ಯೂ ಆರ್ ದ ಕೋಚ್, ಡ್ಯಾಡ್" ಎಂದಳು.

ಕೊನೆಗೆ ಕಳಿಸಿಬಿಟ್ಟರು. ಫೈನಲ್‌ನಲ್ಲಿ ಅದೇ ಕ್ಲಬ್ ಎದುರಾಯಿತು. ನಮ್ಮ ಹೊಸ ಪಿಚರ್ ಕಟ್ಟಕಡೆಯದಾಗಿ ಔಟ್ ಮಾಡಿದ್ದು ಅವಳನ್ನೇ. ಗೆದ್ದ ನಾವು ಕುಣಿಯುತ್ತಿದ್ದರೆ, ಕೋಚ್ ಯಾವ ಕಡೆ ಹೋಗಬೇಕೆಂದು ತಿಳಿಯದೆ ಮೈದಾನದ ನಡುವೆ ನಿಂತಿದ್ದರು. ಮಗಳೇ ಓಡಿ ಬಂದು ಅವರನ್ನು ನಮ್ಮತ್ತ ತಳ್ಳಿದಳು. "ಹೋಗಪ್ಪ, ನೀನ್ ಗೆದ್ದಿದೀಯ."

"ಹೌದಾ?" ಎಂದು ಅವರು ನನ್ನನ್ನು ಕೇಳಿದರು.